ಒಂದು ಸಾಲು, ಎರಡು ಗಂಟಲು: ರಾಕ್ ಗಾಯಕನೂ ಬ್ಲೂಗ್ರಾಸ್ ಗಾಯಕಿಯೂ ಕೂಡಿ ಹಾಡಿದ ಬಗೆ

2009ರ ಫೆಬ್ರವರಿ 8ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದ ಗ್ರ್ಯಾಮಿ ಸಮಾರಂಭದಲ್ಲಿ ‘ರೈಸಿಂಗ್ ಸ್ಯಾಂಡ್’ ಎಂಬ ಒಂದೇ ಆಲ್ಬಮ್ಮಿಗೆ ಐದು ಪ್ರಶಸ್ತಿಗಳು ಸಂದವು. ವರ್ಷದ ಆಲ್ಬಮ್ ಮತ್ತು ವರ್ಷದ ಧ್ವನಿಮುದ್ರಿಕೆ ಎಂಬ ಎರಡು ದೊಡ್ಡ ಗೌರವಗಳ ಜೊತೆಗೆ ಅದರ ಒಂದು ಹಾಡಿಗೆ ಪಾಪ್ ವಿಭಾಗದಲ್ಲಿ, ಇನ್ನೊಂದಕ್ಕೆ ಕಂಟ್ರಿ ವಿಭಾಗದಲ್ಲಿ, ಇಡೀ ಆಲ್ಬಮ್ಮಿಗೆ ಸಮಕಾಲೀನ ಜಾನಪದ ವಿಭಾಗದಲ್ಲಿ ಬಹುಮಾನ ಬಂದಿತು. ಹಾಡಿದವರಲ್ಲಿ ಒಬ್ಬರು ಲೆಡ್ ಜೆಪ್ಪೆಲಿನ್ ತಂಡದ ರಾಬರ್ಟ್ ಪ್ಲಾಂಟ್, ರಾಕ್ ಸಂಗೀತದ ಅತಿ ಪ್ರಸಿದ್ಧ ಕಂಠಗಳಲ್ಲೊಂದು. ಇನ್ನೊಬ್ಬರು ಬ್ಲೂಗ್ರಾಸ್ ಗಾಯಕಿಯೂ ಪಿಟೀಲುವಾದಕಿಯೂ ಆದ ಆಲಿಸನ್ ಕ್ರೌಸ್. ಆದರೂ ಬಂದ ಐದು ಪ್ರಶಸ್ತಿಗಳಲ್ಲಿ ಒಂದೂ ರಾಕ್ ವಿಭಾಗದ್ದಲ್ಲ, ಒಂದೂ ಬ್ಲೂಗ್ರಾಸ್ ವಿಭಾಗದ್ದಲ್ಲ. ರಾಕ್ ಗಾಯಕರು ಬ್ಲೂಗ್ರಾಸ್ ಗಾಯಕರೊಡನೆ ಕೂಡಿ ಹಾಡಿದ ಉದಾಹರಣೆಗಳು ಇದಕ್ಕೆ ಮುಂಚೆಯೂ ಇದ್ದವು. ಅವುಗಳಲ್ಲಿ ಒಬ್ಬರು ಇನ್ನೊಬ್ಬರ ಮನೆಗೆ ಹೋಗಿ ಅಲ್ಲಿನ ರೀತಿಗೆ ಹೊಂದಿಕೊಂಡದ್ದೇ ಹೆಚ್ಚು. ಇಲ್ಲಿ ಇಬ್ಬರೂ ತಮ್ಮ ತಮ್ಮ ಮನೆಯನ್ನು ಬಿಟ್ಟು ಹೊರಗೆ ಬಂದರು. ಅದು ಹೇಗೆ ಸಾಧ್ಯವಾಯಿತು, ಅದಕ್ಕಾಗಿ ಯಾರು ಏನನ್ನು ಬಿಟ್ಟುಕೊಡಬೇಕಾಯಿತು ಎಂಬುದನ್ನು ತಿಳಿಯಲು ಮೊದಲು ಆ ಎರಡು ಮನೆಗಳ ಕಟ್ಟಳೆಗಳನ್ನು ನೋಡಬೇಕು.

ಬ್ಲೂಗ್ರಾಸ್ ಎಂಬುದು ಹೆಸರು ಕೇಳಿದಾಗ ಅನ್ನಿಸುವಷ್ಟು ಹಳೆಯ ಜಾನಪದವಲ್ಲ. ಅಮೆರಿಕದ ಕೆಂಟಕಿ ರಾಜ್ಯದ ರೋಸೀನ್ ಎಂಬ ಹಳ್ಳಿಯ ಕಡೆಯ ಮ್ಯಾಂಡೊಲಿನ್ ವಾದಕ ಬಿಲ್ ಮನ್ರೋ ತನ್ನ ರಾಜ್ಯದ ಅಡ್ಡಹೆಸರನ್ನೇ ತಂಡಕ್ಕಿಟ್ಟು ‘ಬ್ಲೂ ಗ್ರಾಸ್ ಬಾಯ್ಸ್’ ಎಂದು ಕರೆದನು. 1939ರಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮಕ್ಕೆ ಸೇರಿದನು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್ ಎಂಬ ಇಪ್ಪತ್ತೊಂದರ ಯುವಕ ಮೂರು ಬೆರಳುಗಳಿಂದ ಬ್ಯಾಂಜೊ ಮೀಟುತ್ತ ಆ ತಂಡಕ್ಕೆ ಬಂದ ಮೇಲೆ, ಇಂದು ನಾವು ಬ್ಲೂಗ್ರಾಸ್ ಎಂದು ಗುರುತಿಸುವ ಧ್ವನಿ ಪೂರ್ಣವಾಯಿತು. ಬ್ಯಾಂಜೊ, ಪಿಟೀಲು, ಮ್ಯಾಂಡೊಲಿನ್, ಗಿಟಾರ್ ಮತ್ತು ನಿಂತು ನುಡಿಸುವ ದೊಡ್ಡ ಬೇಸ್ ಇದರ ವಾದ್ಯಗಳು. ವಿದ್ಯುತ್ ವಾದ್ಯವಿಲ್ಲ, ಡ್ರಮ್ಸ್ ಇಲ್ಲ. ಡ್ರಮ್ಸ್ ಇಲ್ಲದ ಕೊರತೆಯನ್ನು ಮ್ಯಾಂಡೊಲಿನ್ ತುಂಬುತ್ತದೆ: ತಂತಿಗಳನ್ನು ಒಮ್ಮೆ ಬಲವಾಗಿ ಹೊಡೆದು ತಕ್ಷಣ ಎಡಗೈಯಿಂದ ಅದುಮಿದಾಗ ಹುಟ್ಟುವ ‘ಚಕ್’ ಎಂಬ ಮೊಟಕು ಸದ್ದು ತಾಳದ ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುತ್ತ ಹೋಗುತ್ತದೆ.

ವಾದನದಲ್ಲಿ ಒಬ್ಬೊಬ್ಬರಿಗೂ ಸರದಿಯಂತೆ ಮುಂದೆ ಬಂದು ತಮ್ಮ ಕೈಚಳಕ ತೋರುವ ಅವಕಾಶವಿದೆ. ಆದರೆ ಹಾಡಿನಲ್ಲಿ, ಅದರಲ್ಲಿಯೂ ಪಲ್ಲವಿಯಲ್ಲಿ, ಅಂಥ ಸ್ವಾತಂತ್ರ್ಯವಿಲ್ಲ. ಅಲ್ಲಿ ಎರಡು ಅಥವಾ ಮೂರು ದನಿಗಳು ಒಂದೇ ಮಾತನ್ನು ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಸ್ವರಗಳಲ್ಲಿ ಹಾಡುತ್ತವೆ. ಇದಕ್ಕೆ ಹಾರ್ಮನಿ ಎಂದು ಹೆಸರು. ನಮ್ಮ ಕಿವಿಗೆ ಇದು ಅಷ್ಟು ಸಹಜವಾದುದಲ್ಲ, ಏಕೆಂದರೆ ಕರ್ನಾಟಕ ಸಂಗೀತವಾಗಲಿ ಹಿಂದೂಸ್ತಾನಿಯಾಗಲಿ ಒಂದು ಗೆರೆಯ ಸಂಗೀತ. ಜುಗಲ್ಬಂದಿಯಲ್ಲಿಯೂ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುತ್ತಾರೆ, ಸಿನಿಮಾದ ಯುಗಳಗೀತೆಯಲ್ಲಿಯೂ ಬಹುಮಟ್ಟಿಗೆ ನಾಯಕನ ಸಾಲು ಮುಗಿದ ಮೇಲೆ ನಾಯಕಿಯ ಸಾಲು. ಆದ್ದರಿಂದ ಹಾರ್ಮನಿಯನ್ನು ಸ್ವಲ್ಪ ಬಿಡಿಸಿ ಹೇಳುವುದು ಅಗತ್ಯ.

ಶಂಕರಾಭರಣದ ಸ್ವರಗಳನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳೋಣ. ಮುಖ್ಯ ದನಿ ‘ಸ ರಿ ಗ’ ಎಂದು ಹಾಡುತ್ತಿರುವಾಗ ಅದರ ಮೇಲಿನ ದನಿ ಅದೇ ಅಕ್ಷರಗಳಿಗೆ ‘ಗ ಮ ಪ’ ಎಂದು ಹಾಡುತ್ತದೆ. ಪ್ರತಿ ಸ್ವರಕ್ಕೂ ಎರಡು ಮೆಟ್ಟಿಲು ಮೇಲೆ ಒಂದು ಜೊತೆಸ್ವರ. ಬ್ಲೂಗ್ರಾಸ್‌ನವರು ಈ ಮೇಲಿನ ದನಿಯನ್ನು ಟೆನರ್ ಎನ್ನುತ್ತಾರೆ, ಮುಖ್ಯ ದನಿಯ ಕೆಳಗೆ ಬರುವುದನ್ನು ಬ್ಯಾರಿಟೋನ್ ಎನ್ನುತ್ತಾರೆ. ಎರಡು ದನಿಗಳು ಹೀಗೆ ಸರಿಯಾಗಿ ಕೂಡಿದರೆ ಕೇಳುಗನಿಗೆ ಎರಡು ಸ್ವರಗಳು ಕೇಳಿಸುವುದಕ್ಕಿಂತ ಹೆಚ್ಚಾಗಿ ಒಂದು ಹೊಸ ಬಣ್ಣದ ಒಂದೇ ದನಿ ಕೇಳಿಸಿದಂತಾಗುತ್ತದೆ. ಆದರೆ ಸ್ವರ ಸರಿಯಿದ್ದರೆ ಮಾತ್ರ ಸಾಲದು. ಮುಖ್ಯ ದನಿ ಒಂದು ಸ್ವರಕ್ಕೆ ಕೆಳಗಿನಿಂದ ಜಾರಿಕೊಂಡು ಏರಿದರೆ ಮೇಲಿನ ದನಿಯೂ ಅಷ್ಟೇ ವೇಗದಲ್ಲಿ ಅಷ್ಟೇ ದೂರ ಜಾರಬೇಕು. ಒಂದು ಪದದ ಕೊನೆಯ ವ್ಯಂಜನ ಇಬ್ಬರ ಬಾಯಿಯಲ್ಲೂ ಒಟ್ಟಿಗೆ ಮುಚ್ಚಬೇಕು. ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ ಆಗಿರಬೇಕು. ಒಡಹುಟ್ಟಿದವರು ಹಾಡಿದಾಗ ಇದು ಅತಿ ಚೆನ್ನಾಗಿ ಒದಗುತ್ತದೆ ಎಂಬುದು ಆ ಭಾಗದ ಹಳೆಯ ಅನುಭವ, ಏಕೆಂದರೆ ಉಚ್ಚಾರಣೆಯೂ ಶಾರೀರವೂ ಒಂದೇ ಮನೆಯದು. ಬಿಲ್ ಮನ್ರೋ ಮೊದಲು ಹೆಸರು ಮಾಡಿದ್ದು ಅಣ್ಣ ಚಾರ್ಲಿಯ ಜೊತೆ ‘ಮನ್ರೋ ಬ್ರದರ್ಸ್’ ಆಗಿಯೇ.

ಕರ್ನಾಟಕ ಸಂಗೀತದ ಎರಡು ಮಾತುಗಳನ್ನು ಇಲ್ಲಿ ಎರವಲು ತರುವುದಾದರೆ, ಬ್ಲೂಗ್ರಾಸ್ ಹಾರ್ಮನಿಯದು ಕಲಿತದ್ದನ್ನು ಕಲಿತಂತೆಯೇ ಹಾಡುವ ಪಾಠಾಂತರದ ಶಿಸ್ತು, ರಾಕ್ ಗಾಯಕನದು ಆಯಾ ಗಳಿಗೆಯ ಕಲ್ಪನೆಯಂತೆ ಹಾಡುವ ಮನೋಧರ್ಮದ ದಾರಿ. 1948ರಲ್ಲಿ ಇಂಗ್ಲೆಂಡಿನ ವೆಸ್ಟ್ ಬ್ರಾಮ್‌ವಿಚ್‌ನಲ್ಲಿ ಹುಟ್ಟಿದ ರಾಬರ್ಟ್ ಪ್ಲಾಂಟ್ ಹರೆಯದಲ್ಲಿ ಅಮೆರಿಕದ ಕರಿಯರ ಸಂಗೀತವಾದ ಬ್ಲೂಸ್‌ನ ಧ್ವನಿಮುದ್ರಿಕೆಗಳನ್ನು ಕೇಳಿ ಹಾಡುವುದನ್ನು ಕಲಿತವರು. ಇಪ್ಪತ್ತನೆಯ ವಯಸ್ಸಿಗೆ ಲೆಡ್ ಜೆಪ್ಪೆಲಿನ್ ಸೇರಿ 1980ರಲ್ಲಿ ಡ್ರಮ್ಸ್ ವಾದಕ ಜಾನ್ ಬೊನಮ್ ತೀರಿಕೊಳ್ಳುವವರೆಗೂ ಆ ತಂಡದ ದನಿಯಾಗಿದ್ದವರು. ಆ ತಂಡದ ವೇದಿಕೆಯ ಮೇಲೆ ಅವರ ಕಂಠ ಜಿಮ್ಮಿ ಪೇಜ್‌ನ ಗಿಟಾರಿನೊಡನೆ ಸವಾಲು ಜವಾಬು ನಡೆಸುತ್ತಿತ್ತು. ತಾರಸ್ಥಾಯಿಯಲ್ಲಿ ಕೂಗು, ನಡುವೆ ಪಿಸುಮಾತು, ಮತ್ತೆ ನರಳಾಟ: ಒಂದೇ ಹಾಡು ಇಪ್ಪತ್ತು ನಿಮಿಷ ಮೀರಿ ಬೆಳೆಯುವುದೂ ಇತ್ತು, ಒಂದು ರಾತ್ರಿ ಹಾಡಿದಂತೆ ಮರುರಾತ್ರಿ ಹಾಡುವ ಅಗತ್ಯವೇ ಇರಲಿಲ್ಲ. ಅವರ ಪಕ್ಕದಲ್ಲಿ ನಿಂತು ಅದೇ ಸಾಲನ್ನು ಅದೇ ಗಳಿಗೆಯಲ್ಲಿ ಹಾಡಬೇಕಾದ ಎರಡನೆಯ ಗಾಯಕನೂ ಇರಲಿಲ್ಲ.

ಒಂದು ವಿನಾಯಿತಿ ಉಂಟು. 1971ರ ನಾಲ್ಕನೆಯ ಆಲ್ಬಮ್ಮಿನ ‘ದ ಬ್ಯಾಟಲ್ ಆಫ್ ಎವರ್‌ಮೋರ್’ ಹಾಡಿನಲ್ಲಿ ಡ್ರಮ್ಸ್ ಇಲ್ಲ, ಮ್ಯಾಂಡೊಲಿನ್ ಇದೆ, ಪ್ಲಾಂಟ್ ಜೊತೆಗೆ ಇಂಗ್ಲಿಷ್ ಜಾನಪದ ಗಾಯಕಿ ಸ್ಯಾಂಡಿ ಡೆನ್ನಿಯ ಕಂಠವಿದೆ. ಅಬ್ಬರಕ್ಕೆ ಹೆಸರಾದ ತಂಡದೊಳಗೆ ಇಂಥದೊಂದು ಕಿಟಕಿ ಮೊದಲಿಂದಲೂ ತೆರೆದಿತ್ತು ಎಂಬುದನ್ನು ಮುಂದಿನ ಕತೆ ಕೇಳುವಾಗ ಮರೆಯಬಾರದು.

ಆಲಿಸನ್ ಕ್ರೌಸ್ 1971ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದರು, ಅಂದರೆ ಆ ನಾಲ್ಕನೆಯ ಆಲ್ಬಮ್ ಬಂದ ವರ್ಷವೇ. ಐದನೆಯ ವಯಸ್ಸಿನಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ಪದ್ಧತಿಯ ಪಿಟೀಲಿನಿಂದ ಆರಂಭಿಸಿ ಸ್ಪರ್ಧೆಗಳ ಮೂಲಕ ಬ್ಲೂಗ್ರಾಸ್‌ಗೆ ಬಂದು, ಹದಿನಾಲ್ಕರ ಹರೆಯದಲ್ಲಿ ರೌಂಡರ್ ರೆಕಾರ್ಡ್ಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡರು. ‘ಯೂನಿಯನ್ ಸ್ಟೇಷನ್’ ತಂಡದೊಡನೆ ಹಾಡಿದ ಅವರ ಕಂಠ ತೆಳುವಾದದ್ದು, ಒತ್ತಡವಿಲ್ಲದ್ದು, ಮೈಕಿನ ಹತ್ತಿರ ನಿಂತು ಕಿವಿಯಲ್ಲಿ ಹೇಳಿದಂಥದ್ದು. ಆದರೆ ಆ ಮೃದುತ್ವದ ಹಿಂದಿರುವುದು ಕೂದಲೆಳೆಯಷ್ಟೂ ಅಲುಗದ ಶ್ರುತಿಶುದ್ಧಿ. ಪಕ್ಕದ ದನಿ ಎಲ್ಲಿ ಇರುತ್ತದೆ ಎಂಬುದು ಮೊದಲೇ ತಿಳಿದಿದ್ದರೆ ಅದರ ಮೇಲೆ ತನ್ನ ದನಿಯನ್ನು ಇಡಬಲ್ಲ ಗಾಯಕಿ ಅವರು. ಪಕ್ಕದ ದನಿ ಪ್ರತಿ ಸಲವೂ ಬೇರೆ ಕಡೆ ಹೋಗುವುದಾದರೆ ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಬ್ಲೂಗ್ರಾಸ್ ಅವರಿಗೆ ಎಂದೂ ಕೇಳಿರಲಿಲ್ಲ.

ಹೀಗೆ ಎದುರುಬದುರಾಗಿ ನಿಲ್ಲಿಸಿದರೆ ಇವು ದೂರದ ಎರಡು ಲೋಕಗಳೆಂದು ತೋರುತ್ತದೆ. ಇತಿಹಾಸ ಬೇರೆಯೇ ಹೇಳುತ್ತದೆ. ರಾಕ್ ಹುಟ್ಟಿದ ಗಳಿಗೆಯಲ್ಲೇ ಬ್ಲೂಗ್ರಾಸ್ ಪಕ್ಕದಲ್ಲಿತ್ತು. 1954ರ ಜುಲೈನಲ್ಲಿ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಹತ್ತೊಂಬತ್ತರ ಎಲ್ವಿಸ್ ಪ್ರೆಸ್ಲಿಯ ಮೊದಲ ಮುದ್ರಿಕೆಯನ್ನು ಹೊರತಂದಾಗ ಅದರ ಒಂದು ಬದಿಯಲ್ಲಿದ್ದದ್ದು ಕರಿಯ ಬ್ಲೂಸ್ ಗಾಯಕನೊಬ್ಬನ ಹಾಡು, ಇನ್ನೊಂದು ಬದಿಯಲ್ಲಿದ್ದದ್ದು ಬಿಲ್ ಮನ್ರೋ ರಚಿಸಿ 1946ರಲ್ಲಿ ಧ್ವನಿಮುದ್ರಿಸಿದ್ದ ‘ಬ್ಲೂ ಮೂನ್ ಆಫ್ ಕೆಂಟಕಿ’. ಮನ್ರೋನದು ಮೂರೆಣಿಕೆಯ ನಿಧಾನ ನಡೆ. ಎಲ್ವಿಸ್ ಅದನ್ನು ನಾಲ್ಕೆಣಿಕೆಗೆ ತಿರುಗಿಸಿ ಓಡಿಸಿದನು. ಮನ್ರೋ ಸಿಟ್ಟಾಗಬಹುದಿತ್ತು. ಅದರ ಬದಲು ಅದೇ ವರ್ಷ ತಾನೂ ಆ ಹಾಡನ್ನು ಮತ್ತೊಮ್ಮೆ ಧ್ವನಿಮುದ್ರಿಸಿ, ಹಳೆಯ ನಡೆಯಲ್ಲಿ ಆರಂಭಿಸಿ ನಡುವೆ ಎಲ್ವಿಸ್‌ನ ವೇಗಕ್ಕೆ ಹೊರಳಿದನು. ಮನ್ರೋ ತೀರಿಕೊಂಡ ಮರುವರ್ಷ, 1997ರಲ್ಲಿ, ರಾಕ್ ಸಾಧಕರನ್ನು ಗೌರವಿಸುವ ಸಂಸ್ಥೆಯಾದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವನನ್ನು ರಾಕ್‌ನ ಆರಂಭಿಕ ಪ್ರಭಾವಗಳಲ್ಲಿ ಒಬ್ಬನೆಂದು ಸೇರಿಸಿಕೊಂಡದ್ದರಲ್ಲಿ ಉತ್ಪ್ರೇಕ್ಷೆ ಇಲ್ಲ.

ಬೇರುಗಳು ಇನ್ನೂ ಕೆಳಗೆ ಕೂಡುತ್ತವೆ. ಬ್ಯಾಂಜೊ ಆಫ್ರಿಕಾದಿಂದ ಗುಲಾಮರಾಗಿ ತಂದ ಜನರ ಕೈಯಲ್ಲಿ ಅಮೆರಿಕದಲ್ಲಿ ರೂಪುಗೊಂಡ ವಾದ್ಯ. ಹುಡುಗ ಮನ್ರೋ ಕುಣಿತದ ಕೂಟಗಳಲ್ಲಿ ಆರ್ನಲ್ಡ್ ಶುಲ್ಟ್ಸ್ ಎಂಬ ಕರಿಯ ಸಂಗೀತಗಾರನ ಜೊತೆ ನುಡಿಸಿ ಬ್ಲೂಸ್‌ನ ಎಳೆಯನ್ನು ಹಿಡಿದವನು. ಅಮೆರಿಕದ ಪೂರ್ವ ಭಾಗದ ಅಪಲೇಚಿಯನ್ ಬೆಟ್ಟಗಳ ಜನ ಹಾಡುತ್ತಿದ್ದ ಕಥನಗೀತೆಗಳಲ್ಲಿ ಎಷ್ಟೋ ಬ್ರಿಟನ್ನಿನಿಂದ ಹಡಗಿನಲ್ಲಿ ಬಂದವು. ಇಂಗ್ಲೆಂಡಿನ ಸಂಗ್ರಾಹಕ ಸೆಸಿಲ್ ಶಾರ್ಪ್ 1916ರಿಂದ 1918ರ ನಡುವೆ ಆ ಬೆಟ್ಟಗಳಲ್ಲಿ ಅಲೆದು ತನ್ನ ದೇಶದ ಹಾಡುಗಳನ್ನು ಅಲ್ಲಿ ಬರೆದುಕೊಂಡನು. ಅಂದಮೇಲೆ ಬ್ಲೂಸ್ ಕೇಳಿ ಬೆಳೆದ ಇಂಗ್ಲಿಷ್ ರಾಕ್ ಗಾಯಕನಿಗೂ ಬೆಟ್ಟದ ಹಾಡು ಕೇಳಿ ಬೆಳೆದ ಅಮೆರಿಕನ್ ಪಿಟೀಲುವಾದಕಿಗೂ ಮುತ್ತಜ್ಜಂದಿರು ಬೇರೆಯವರಲ್ಲ. ಮಾರುಕಟ್ಟೆ ಅವರನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟಿತ್ತು, ಅಷ್ಟೆ.

1960ರ ದಶಕದ ಕೊನೆಗೆ ಕ್ಯಾಲಿಫೋರ್ನಿಯಾದ ರಾಕ್ ಸಂಗೀತಗಾರರು ಆ ಕಪಾಟುಗಳನ್ನು ಅದಲುಬದಲು ಮಾಡತೊಡಗಿದರು. ‘ದ ಬರ್ಡ್ಸ್’ ತಂಡದಿಂದ ಹೊರಬಂದ ಜೀನ್ ಕ್ಲಾರ್ಕ್ ಬ್ಯಾಂಜೊ ವಾದಕ ಡಗ್ ಡಿಲ್ಲರ್ಡ್ ಜೊತೆ ಕೂಡಿ ‘ಡಿಲ್ಲರ್ಡ್ ಅಂಡ್ ಕ್ಲಾರ್ಕ್’ ಎಂಬ ತಂಡ ಕಟ್ಟಿದ್ದು ಆಗಲೇ. ‘ಗ್ರೇಟ್‌ಫುಲ್ ಡೆಡ್’ ತಂಡದ ಜೆರ್ರಿ ಗಾರ್ಸಿಯಾ 1973ರಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಕೆಳಗಿಟ್ಟು ಬ್ಯಾಂಜೊ ಎತ್ತಿಕೊಂಡರು. ಮ್ಯಾಂಡೊಲಿನ್‌ನ ಡೇವಿಡ್ ಗ್ರಿಸ್ಮನ್, ಮನ್ರೋನ ತಂಡದಲ್ಲೇ ಪಳಗಿದ್ದ ಪೀಟರ್ ರೋವನ್, ಪಿಟೀಲಿನ ವಾಸರ್ ಕ್ಲೆಮೆಂಟ್ಸ್ ಇವರೊಡನೆ ‘ಓಲ್ಡ್ ಅಂಡ್ ಇನ್ ದ ವೇ’ ತಂಡದಲ್ಲಿ ಹಾಡಿದರು. ಗಾರ್ಸಿಯಾಗೆ ಬ್ಯಾಂಜೊ ಹವ್ಯಾಸದ ಆಟಿಕೆಯಾಗಿರಲಿಲ್ಲ. ರಾಕ್‌ಗೆ ಬರುವ ಮೊದಲೇ ಅವರು ಅದನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದ್ದವರು. ಆ ತಂಡದ ಆಲ್ಬಮ್ ಪೂರ್ತಿಯಾಗಿ ಬ್ಲೂಗ್ರಾಸ್, ರೋಲಿಂಗ್ ಸ್ಟೋನ್ಸ್‌ನ ಒಂದು ಹಾಡನ್ನೂ ಅದರ ಕಟ್ಟಳೆಗೇ ಒಗ್ಗಿಸಿಕೊಂಡ ಬ್ಲೂಗ್ರಾಸ್.

ಹಿರಿಯರ ಮನೆಗೆ ಹೋಗಿ ಅವರನ್ನೇ ಮುಂದೆ ಕೂರಿಸಿದ ಪ್ರಯತ್ನ ಇನ್ನೊಂದು. ಕ್ಯಾಲಿಫೋರ್ನಿಯಾದ ‘ನಿಟಿ ಗ್ರಿಟಿ ಡರ್ಟ್ ಬ್ಯಾಂಡ್’ ಎಂಬ ಉದ್ದಗೂದಲಿನ ಹುಡುಗರ ತಂಡ 1971ರ ಆಗಸ್ಟ್‌ನಲ್ಲಿ ನ್ಯಾಶ್‌ವಿಲ್‌ಗೆ ಬಂದು ಮೇಬೆಲ್ ಕಾರ್ಟರ್, ಅರ್ಲ್ ಸ್ಕ್ರಗ್ಸ್, ಡಾಕ್ ವಾಟ್ಸನ್, ಜಿಮ್ಮಿ ಮಾರ್ಟಿನ್ ಮುಂತಾದವರ ಜೊತೆ ಧ್ವನಿಮುದ್ರಿಸಿದ ಮೂರು ತಟ್ಟೆಗಳ ಆಲ್ಬಮ್ 1972ರಲ್ಲಿ ಹೊರಬಂತು. ಬಿಲ್ ಮನ್ರೋ ಮಾತ್ರ ಆಹ್ವಾನ ಒಪ್ಪಲಿಲ್ಲ. ವಿಯೆಟ್ನಾಂ ಯುದ್ಧದ ವಿಷಯದಲ್ಲಿ ದೇಶವೇ ಎರಡಾಗಿದ್ದ ಆ ವರ್ಷಗಳಲ್ಲಿ ಕೂದಲಿನ ಉದ್ದವೂ ಒಂದು ರಾಜಕೀಯ ಹೇಳಿಕೆಯಾಗಿತ್ತು. ಅಂಥ ಹೊತ್ತಿನಲ್ಲಿ ಹಿರಿಯರೂ ಹುಡುಗರೂ ಒಂದೇ ಕೋಣೆಯಲ್ಲಿ ಕುಳಿತದ್ದೇ ಸಣ್ಣ ಸಂಗತಿಯಲ್ಲ. ಆದರೂ ಅಲ್ಲಿ ಹುಡುಗರು ವಿನಯವಂತ ಅತಿಥಿಗಳು. 1999ರಲ್ಲಿ ಸ್ಟೀವ್ ಅರ್ಲ್ ಡೆಲ್ ಮಕೂರಿಯ ಬ್ಲೂಗ್ರಾಸ್ ತಂಡದ ಜೊತೆ ಮಾಡಿದ ‘ದ ಮೌಂಟನ್’ ಆಲ್ಬಮ್ಮಿನಲ್ಲಿಯೂ ಅಷ್ಟೆ: ಹಾಡುಗಳು ಹೊಸವು, ಗಾಯಕನ ಗಂಟಲು ರಾಕ್‌ನ ಹೊಗೆ ಹಿಡಿದದ್ದು, ಆದರೆ ನಿಯಮಗಳೆಲ್ಲ ಬ್ಲೂಗ್ರಾಸ್‌ನವು.

ಪ್ಲಾಂಟ್ ಮತ್ತು ಕ್ರೌಸ್ ಮೊದಲ ಬಾರಿ ಒಟ್ಟಿಗೆ ಹಾಡಿದ್ದು 2004ರ ನವೆಂಬರ್‌ನಲ್ಲಿ, ಕ್ಲೀವ್‌ಲೆಂಡ್ ನಗರದಲ್ಲಿ, ಕರಿಯ ಜಾನಪದ ಗಾಯಕ ಲೆಡ್ ಬೆಲಿಯ ಸ್ಮರಣೆಗಾಗಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಏರ್ಪಡಿಸಿದ್ದ ಕಛೇರಿಯಲ್ಲಿ. ಇಬ್ಬರಿಗೂ ಸೇರದ, ಇಬ್ಬರಿಗೂ ಹಿರಿಯನಾದ ಮೂರನೆಯವನ ಅಂಗಳ ಅದು. ಕೂಡುವ ಜಾಗ ಯಾವುದು ಎಂಬುದಕ್ಕೆ ಉತ್ತರ ಅಲ್ಲಿಯೇ ಸಿಕ್ಕಿತ್ತು ಎಂದು ಈಗ ಹಿಂದಿರುಗಿ ನೋಡಿದಾಗ ಅನ್ನಿಸುತ್ತದೆ.

ಆ ಉತ್ತರವನ್ನು ಆಲ್ಬಮ್ಮಾಗಿ ಬೆಳೆಸಿದವರು ನಿರ್ಮಾಪಕ ಟಿ ಬೋನ್ ಬರ್ನೆಟ್. ಧ್ವನಿಮುದ್ರಣ ಲೋಕದಲ್ಲಿ ನಿರ್ಮಾಪಕ ಎಂದರೆ ಹಣ ಹೂಡುವವನಲ್ಲ. ಹಾಡು ಆಯುವುದು, ವಾದ್ಯಗಾರರನ್ನು ಕರೆಸುವುದು, ಯಾವ ಸಲದ ಗಾಯನ ಉಳಿಯಬೇಕೆಂದು ತೀರ್ಮಾನಿಸುವುದು, ಒಟ್ಟಿನಲ್ಲಿ ನಾಟಕಕ್ಕೆ ನಿರ್ದೇಶಕ ಮಾಡುವ ಕೆಲಸ. ಬರ್ನೆಟ್ 1970ರ ದಶಕದಲ್ಲಿ ಬಾಬ್ ಡಿಲನ್‌ನ ತಂಡದಲ್ಲಿ ಗಿಟಾರ್ ನುಡಿಸಿದವರು. 2000ದಲ್ಲಿ ಬಂದ ‘ಓ ಬ್ರದರ್, ವೇರ್ ಆರ್ಟ್ ದೌ?’ ಚಲನಚಿತ್ರಕ್ಕೆ ಹಳೆಯ ಬೆಟ್ಟದ ಹಾಡುಗಳನ್ನು ಹೊಂದಿಸಿಕೊಟ್ಟು, ಆ ಧ್ವನಿಸುರುಳಿಗೆ 2002ರಲ್ಲಿ ವರ್ಷದ ಆಲ್ಬಮ್ ಪ್ರಶಸ್ತಿ ತಂದವರು. ಅದರಲ್ಲಿ ಕ್ರೌಸ್ ಹಾಡಿದ್ದರು. ಅವರ ತಂಡದ ಡ್ಯಾನ್ ಟಿಮಿನ್‌ಸ್ಕಿಯ ಕಂಠವೇ ಪರದೆಯ ಮೇಲೆ ಜಾರ್ಜ್ ಕ್ಲೂನಿಯ ಬಾಯಿಂದ ಹೊರಟಿತ್ತು.

ಬರ್ನೆಟ್ ತೆಗೆದುಕೊಂಡ ಮೊದಲ ನಿರ್ಧಾರ, ನನ್ನ ಎಣಿಕೆಯಲ್ಲಿ ಅತಿ ಮುಖ್ಯ ನಿರ್ಧಾರ, ಹಾಡುಗಳ ಆಯ್ಕೆ. ‘ರೈಸಿಂಗ್ ಸ್ಯಾಂಡ್’ನ ಹದಿಮೂರು ಹಾಡುಗಳಲ್ಲಿ ಲೆಡ್ ಜೆಪ್ಪೆಲಿನ್‌ನ ಒಂದು ಹಾಡೂ ಇಲ್ಲ, ಬ್ಲೂಗ್ರಾಸ್‌ನ ಸುಪ್ರಸಿದ್ಧ ಹಾಡೊಂದೂ ಇಲ್ಲ. ಇರುವುದು ನ್ಯೂ ಆರ್ಲಿಯನ್ಸ್‌ನ ಅಲೆನ್ ಟೂಸಾನ್ ಬರೆದ ಒಂದು ರಿದಮ್ ಅಂಡ್ ಬ್ಲೂಸ್ ಗೀತೆ, ಎವರ್ಲಿ ಸಹೋದರರು 1964ರಲ್ಲಿ ಹಾಡಿದ್ದ ಒಂದು ಚುರುಕಿನ ಹಾಡು, ಟೆಕ್ಸಾಸ್‌ನ ಟೌನ್ಸ್ ವ್ಯಾನ್ ಜಾಂಟ್‌ನ ಒಂದು ಕತ್ತಲ ರಚನೆ, ಟಾಮ್ ವೇಟ್ಸ್‌ನ ಒಂದು ಹಾಡು, ಡಾಕ್ ವಾಟ್ಸನ್ ದಂಪತಿಯ ಒಂದು ವಿದಾಯಗೀತೆ. ಇವುಗಳ ನಡುವೆ ಜೀನ್ ಕ್ಲಾರ್ಕ್‌ನ ಎರಡು ಹಾಡುಗಳಿವೆ. ಎರಡೂ ಡಿಲ್ಲರ್ಡ್ ಅಂಡ್ ಕ್ಲಾರ್ಕ್ ತಂಡದ 1969ರ ಆಲ್ಬಮ್ಮಿನವು, ಅಂದರೆ ರಾಕ್ ಮತ್ತು ಬ್ಲೂಗ್ರಾಸ್ ಕೂಡಿದ ಹಿಂದಿನ ತಲೆಮಾರಿನ ಪ್ರಯತ್ನದ ಕೂಸುಗಳು. ಎವರ್ಲಿ ಸಹೋದರರ ಆಯ್ಕೆಯೂ ಸುಮ್ಮನೆ ಆದದ್ದಲ್ಲ: ಕೆಂಟಕಿ ಮೂಲದ ಮನೆಯಲ್ಲಿ ಸಹೋದರ ಗಾಯನವನ್ನು ಕಲಿತು ಅದನ್ನು ರಾಕ್ ಅಂಡ್ ರೋಲ್‌ಗೆ ಒಯ್ದವರು ಅವರು. ಹೀಗೆ ಬಹುಮಟ್ಟಿಗೆ ಇಬ್ಬರು ಗಾಯಕರೂ ತಮ್ಮದಲ್ಲದ ಹಾಡಿನ ಮುಂದೆ ಸಮಾನ ವಿದ್ಯಾರ್ಥಿಗಳಾಗಿ ನಿಂತರು.

ಎರಡನೆಯ ನಿರ್ಧಾರ ಹಿಮ್ಮೇಳದ್ದು. ಜೇ ಬೆಲ್ಲರೋಸ್‌ನ ಡ್ರಮ್ಸ್ ಇದೆ, ಆದರೆ ರಾಕ್‌ನ ಸಿಡಿತವಲ್ಲ. ಸಡಿಲ ಚರ್ಮದ ದೊಡ್ಡ ಡೋಲನ್ನು ದೂರದಲ್ಲಿ ಬಾರಿಸಿದಂಥ ಮಂದ್ರ ನಾದ. ನ್ಯೂಯಾರ್ಕಿನ ಮಾರ್ಕ್ ರಿಬೋನ ಎಲೆಕ್ಟ್ರಿಕ್ ಗಿಟಾರ್ ಇದೆ, ಆದರೆ ಅದು ಗಾಯಕನೊಡನೆ ಜಗಳಕ್ಕೆ ಇಳಿಯುವುದಿಲ್ಲ. ನಿಂತು ನುಡಿಸುವ ಬೇಸ್ ಡೆನಿಸ್ ಕ್ರೌಚ್‌ನದು. ನಿಟಿ ಗ್ರಿಟಿ ಡರ್ಟ್ ಬ್ಯಾಂಡ್‌ನ 1972ರ ಆಲ್ಬಮ್ಮಿನಲ್ಲಿ ನುಡಿಸಿದ್ದ ನಾರ್ಮನ್ ಬ್ಲೇಕ್ ಮೂವತ್ತೈದು ವರ್ಷಗಳ ನಂತರ ಇಲ್ಲಿಯೂ ಗಿಟಾರ್ ಹಿಡಿದಿದ್ದಾರೆ. ಹಳೆಯ ಬೆಟ್ಟದ ಸಂಗೀತದ ಜೀವಂತ ಕೋಶದಂತಿದ್ದ ಮೈಕ್ ಸೀಗರ್ ಆಟೋಹಾರ್ಪ್ ಎಂಬ ತಂತಿವಾದ್ಯ ನುಡಿಸಿದ್ದಾರೆ. ಈ ಹಿಮ್ಮೇಳ ರಾಕ್ ಕೇಳುಗನಿಗೆ ಮೆಲ್ಲನೆಯದಾಗಿಯೂ ಬ್ಲೂಗ್ರಾಸ್ ಕೇಳುಗನಿಗೆ ಭಾರವಾಗಿಯೂ ಕೇಳಿಸುತ್ತದೆ. ಇಬ್ಬರೂ ಸ್ವಲ್ಪ ಅಸಮಾಧಾನ ಪಡುವಂಥ ಈ ನಡುಜಾಗದಲ್ಲೇ ಹಾಡುಗಳಿಗೆ ಉಸಿರಾಡಲು ಅವಕಾಶ ಸಿಕ್ಕಿತು.

ಇನ್ನು ಗಂಟಲಿನ ಮಾತು. ಒಂದು ಸಾಲನ್ನು ಪ್ರತಿ ಸಲವೂ ಹೇಗೆ ಹಾಡಬೇಕೆಂಬ ಕಟ್ಟಿನಲ್ಲಿ ತಾನು ಎಂದೂ ಇರಲಿಲ್ಲ, ಹಾರ್ಮನಿಯ ಪಾಠ ತನಗೆ ಹೇಳಿಕೊಟ್ಟವರು ಕ್ರೌಸ್ ಎಂಬ ಅರ್ಥದ ಮಾತನ್ನು ಪ್ಲಾಂಟ್ ಸಂದರ್ಶನಗಳಲ್ಲಿ ಮತ್ತೆ ಮತ್ತೆ ಆಡಿದ್ದಾರೆ. ಅರುವತ್ತರ ಹತ್ತಿರ ಬಂದ, ಜಗತ್ತಿನ ಎಲ್ಲ ದೊಡ್ಡ ಮೈದಾನಗಳಲ್ಲಿ ಹಾಡಿದ ಗಾಯಕನೊಬ್ಬ ತನಗಿಂತ ಇಪ್ಪತ್ತಮೂರು ವರ್ಷ ಕಿರಿಯಳಾದ ಗಾಯಕಿಯ ಮುಂದೆ ಸರಳೆ ವರಸೆಗೆ ಕುಳಿತಂತೆ ಎಂದು ನಾವು ಭಾವಿಸಿಕೊಳ್ಳಬಹುದು. ಅವರು ಕಲಿತದ್ದು ಹೊಸ ಸ್ವರಗಳನ್ನಲ್ಲ, ಹಿಡಿದು ನಿಲ್ಲುವುದನ್ನು. ಒಂದು ಸ್ವರವನ್ನು ಅಲಂಕರಿಸದೆ, ಕೊನೆಯಲ್ಲಿ ಮೇಲಕ್ಕೆ ಎಸೆಯದೆ, ಪಕ್ಕದ ದನಿ ಬಂದು ಕೂಡುವವರೆಗೆ ಕಾಯುವುದನ್ನು. ಅವರ ಹಳೆಯ ಕೂಗನ್ನು ಮೆಚ್ಚಿದವರಿಗೆ ಇದು ನಷ್ಟವೆನ್ನಿಸಬಹುದು, ಆದರೆ ಆ ಕೂಗಿನ ಕೆಳಗೆ ಇಷ್ಟು ಬೆಚ್ಚನೆಯ ಮಂದ್ರವೊಂದು ಇತ್ತೆಂಬುದು ಹೊರಗೆ ಬಂದದ್ದು ಕೂಗು ನಿಂತ ಮೇಲೆ.

ಕ್ರೌಸ್ ಕೊಟ್ಟದ್ದೂ ಕಡಿಮೆಯಲ್ಲ, ಆದರೆ ಅದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಬ್ಲೂಗ್ರಾಸ್‌ನ ವೇಗ, ಸರದಿಯ ವಾದನ, ನಿಖರವಾದ ತಾಳದ ಆಸರೆ ಇವುಗಳನ್ನು ಬಿಟ್ಟು, ತಾಳವೇ ಸ್ವಲ್ಪ ಹಿಂದೆ ಹಿಂದೆ ಉಳಿಯುವ ಹಿಮ್ಮೇಳದ ಮೇಲೆ ಅವರು ಹಾಡಬೇಕಾಯಿತು. ಪ್ಲಾಂಟ್ ಎಷ್ಟೇ ಶಿಸ್ತು ಕಲಿತರೂ ಪದವೊಂದನ್ನು ತುಸು ತಡೆದು ಬಿಡುವ ಬ್ಲೂಸ್ ಗಾಯಕನ ಅಭ್ಯಾಸ ಪೂರ್ತಿ ಹೋಗುವಂಥದ್ದಲ್ಲ. ಆ ತಡೆಯನ್ನು ಮುಂದಾಗಿ ಊಹಿಸಿ ತನ್ನ ದನಿಯನ್ನೂ ಅಲ್ಲಿಯೇ ತಡೆಯುವುದು ಕ್ರೌಸ್ ಪಾಲಿನ ಕೆಲಸ. ಪಕ್ಕದವನ ಬಿಲ್ಲಿನ ನಡೆಯನ್ನು ಕಣ್ಣಂಚಿನಲ್ಲಿ ಗಮನಿಸುತ್ತ ನುಡಿಸಿ ಬೆಳೆದ ಪಿಟೀಲುವಾದಕಿಗೆ ಈ ಗಮನ ಒದಗಿತೆಂದು ನನಗನ್ನಿಸುತ್ತದೆ. ‘ನಥಿನ್’ ಎಂಬ ವ್ಯಾನ್ ಜಾಂಟ್‌ನ ಹಾಡಿನಲ್ಲಿ ಅವರು ಹಾಡುವುದಕ್ಕಿಂತ ಹೆಚ್ಚಾಗಿ ಪಿಟೀಲನ್ನೇ ಮಾತಾಡಿಸುತ್ತಾರೆ. ಅಲ್ಲಿ ಗಿಟಾರುಗಳು ಗುಡುಗುತ್ತವೆ, ಪ್ಲಾಂಟ್ ತಗ್ಗಿದ ದನಿಯಲ್ಲಿ ಹೇಳಿಕೊಂಡು ಹೋಗುತ್ತಾರೆ. ಆಲ್ಬಮ್ಮಿನಲ್ಲಿ ರಾಕ್‌ಗೆ ಅತಿ ಹತ್ತಿರ ಬರುವ ಆ ಗಳಿಗೆಯಲ್ಲಿ ರಾಕ್ ಗಾಯಕ ಮೆಲ್ಲನೆ ಹಾಡುತ್ತಿರುವುದು ಈ ಜೋಡಿಯ ಬುದ್ಧಿವಂತಿಕೆ.

ಈ ಬದಲಾವಣೆಯನ್ನು ಕಿವಿಯಿಂದಲೇ ಅಳೆಯಬೇಕೆನ್ನುವವರಿಗೆ ‘ಪ್ಲೀಸ್ ರೀಡ್ ದ ಲೆಟರ್’ ಹಾಡು ಇದೆ. ಪ್ಲಾಂಟ್ ಮತ್ತು ಪೇಜ್ ತಮ್ಮ ತಂಡದವರ ಜೊತೆ ಸೇರಿ ಬರೆದು 1998ರ ‘ವಾಕಿಂಗ್ ಇಂಟು ಕ್ಲಾರ್ಕ್ಸ್‌ಡೇಲ್’ ಆಲ್ಬಮ್ಮಿನಲ್ಲಿ ಹಾಡಿದ್ದ ರಚನೆ ಇದು. ಆಗ ಅದು ಗಿಟಾರುಗಳ ದಟ್ಟ ಗದ್ದಲದಲ್ಲಿ ಒಬ್ಬ ಗಂಡಸು ತನ್ನ ಪತ್ರ ಓದೆಂದು ಒತ್ತಾಯಿಸುವ ಹಾಡಾಗಿತ್ತು. 2007ರ ರೂಪದಲ್ಲಿ ನಡೆ ನಿಧಾನವಾಯಿತು, ಡೋಲು ಕೆಳಗಿಳಿಯಿತು, ಪಿಟೀಲು ಬಂತು, ಪಲ್ಲವಿಯಲ್ಲಿ ಎರಡು ದನಿಗಳು ಒಂದೇ ಮಾತನ್ನು ಒಟ್ಟಿಗೆ ಹೇಳತೊಡಗಿದವು. ಆಗ ಹಾಡಿನ ಅರ್ಥವೇ ಹೊರಳಿತು: ಬರೆದವನೂ ಓದಬೇಕಾದವಳೂ ಒಂದೇ ಸಾಲಿನಲ್ಲಿ ಇದ್ದಾರೆ, ಬೇಡಿಕೆ ಯಾರದು ಎಂದು ಹೇಳುವಂತಿಲ್ಲ. ವರ್ಷದ ಧ್ವನಿಮುದ್ರಿಕೆ ಎಂಬ ಪ್ರಶಸ್ತಿ ಬಂದದ್ದು ಇದಕ್ಕೇ. ಕೇಳುವಾಗ ಮೊದಲ ಸಲ ಕೆಳಗಿನ ದನಿಯನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ಮೇಲಿನದನ್ನು ಮಾತ್ರ ಹಿಂಬಾಲಿಸಿ, ಮೂರನೆಯ ಸಲ ಎರಡನ್ನೂ ಬಿಟ್ಟು ಸುಮ್ಮನೆ ಕೇಳಿದರೆ ಹಾರ್ಮನಿ ಎಂದರೇನೆಂಬುದು ಯಾವ ವಿವರಣೆಗಿಂತಲೂ ಚೆನ್ನಾಗಿ ತಿಳಿಯುತ್ತದೆ.

ಆಲ್ಬಮ್ ಹೊರಬಂದದ್ದು 2007ರ ಅಕ್ಟೋಬರ್‌ನಲ್ಲಿ. ಅದೇ ವರ್ಷದ ಡಿಸೆಂಬರ್ 10ರಂದು ಲೆಡ್ ಜೆಪ್ಪೆಲಿನ್ ಲಂಡನ್ನಿನಲ್ಲಿ ಒಂದೇ ಒಂದು ರಾತ್ರಿಗಾಗಿ ಮತ್ತೆ ಕೂಡಿತು. ಟಿಕೆಟ್‌ಗಾಗಿ ಎರಡು ಕೋಟಿ ಕೋರಿಕೆಗಳು ಬಂದವೆಂದು ಆಗ ಪತ್ರಿಕೆಗಳು ಬರೆದವು. ಜಗತ್ತಿನ ಪ್ರವಾಸಕ್ಕೆ ಪ್ಲಾಂಟ್ ಒಪ್ಪಿದ್ದರೆ ಸಿಗಬಹುದಾಗಿದ್ದ ಹಣವನ್ನು ಊಹಿಸುವುದೂ ಕಷ್ಟ. ಅವರು ಒಪ್ಪಲಿಲ್ಲ, 2008ರಲ್ಲಿ ಹೊರಟದ್ದು ಕ್ರೌಸ್ ಜೊತೆಗಿನ ಪ್ರವಾಸಕ್ಕೆ. ಹಳೆಯ ಅಭಿಮಾನಿಗಳಲ್ಲಿ ಹಲವರು ಇದನ್ನು ಇಂದಿಗೂ ಕ್ಷಮಿಸಿಲ್ಲ. ಅವರ ಬೇಸರ ನನಗೆ ಅರ್ಥವಾಗುತ್ತದೆ, ಆದರೆ ಮೂವತ್ತು ವರ್ಷ ಹಿಂದಿನ ತನ್ನ ಗಂಟಲನ್ನು ಪ್ರತಿ ರಾತ್ರಿ ಅನುಕರಿಸುವುದಕ್ಕಿಂತ ಹೊಸದನ್ನು ಕಲಿಯುವುದು ಮೇಲೆಂದು ಒಬ್ಬ ಗಾಯಕ ತೀರ್ಮಾನಿಸಿದರೆ ಅದರಲ್ಲಿ ತಪ್ಪು ಹುಡುಕಲಾರೆ.

ಎರಡನೆಯ ಆಲ್ಬಮ್ ಸುಲಭವಾಗಿ ಬರಲಿಲ್ಲ. 2009ರ ಸುಮಾರಿಗೆ ಆರಂಭಿಸಿದ ಪ್ರಯತ್ನ ಕೈಗೂಡದೆ ಇಬ್ಬರೂ ತಮ್ಮ ತಮ್ಮ ದಾರಿ ಹಿಡಿದರು. ಗೆದ್ದ ಕೂಟವೊಂದನ್ನು ಮತ್ತೆ ಕೂಡಿಸಿದ ಮಾತ್ರಕ್ಕೆ ಅದು ಮತ್ತೆ ಗೆಲ್ಲುವುದಿಲ್ಲ. ‘ರೈಸ್ ದ ರೂಫ್’ ಹೊರಬಂದದ್ದು 2021ರ ನವೆಂಬರ್‌ನಲ್ಲಿ, ಹದಿನಾಲ್ಕು ವರ್ಷಗಳ ನಂತರ, ಬರ್ನೆಟ್ ಅವರ ಕೈಯಲ್ಲೇ. ಇದರಲ್ಲಿ ಬ್ರಿಟನ್ನಿನ ಕಡೆಯ ತಕ್ಕಡಿ ಕೊಂಚ ತೂಗುತ್ತದೆ: ಬರ್ಟ್ ಜಾನ್ಶ್‌ನ ಹಾಡನ್ನು ಕ್ರೌಸ್ ಹಾಡುತ್ತಾರೆ, ಆನ್ ಬ್ರಿಗ್ಸ್‌ಳ ಹಾಡನ್ನು ಪ್ಲಾಂಟ್ ಹಾಡುತ್ತಾರೆ. ಇಬ್ಬರೂ 1960ರ ದಶಕದ ಬ್ರಿಟಿಷ್ ಜಾನಪದ ಪುನರುಜ್ಜೀವನದ ದೊಡ್ಡ ಹೆಸರುಗಳು. ಸೆಸಿಲ್ ಶಾರ್ಪ್ ಅಮೆರಿಕಕ್ಕೆ ಹೋಗಿ ಇಂಗ್ಲಿಷ್ ಹಾಡುಗಳನ್ನು ಹೊತ್ತು ತಂದ ದಾರಿಯಲ್ಲೇ ಒಂದು ಶತಮಾನದ ನಂತರ ಬ್ರಿಟಿಷ್ ಹಾಡುಗಳು ಮತ್ತೆ ನ್ಯಾಶ್‌ವಿಲ್‌ಗೆ ಹೋದಂತಾಯಿತು. ಗಾಯನ ಇಲ್ಲಿ ಇನ್ನಷ್ಟು ಹದವಾಗಿದೆ. ಆದರೆ ಮೊದಲ ಆಲ್ಬಮ್ಮಿನಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹುಡುಕುತ್ತಿರುವ ಸಣ್ಣ ಅಳುಕು ಕೇಳಿಸುತ್ತಿತ್ತಲ್ಲ, ಅದು ಇಲ್ಲ. ಅಳುಕೇ ನನಗೆ ಹೆಚ್ಚು ಪ್ರಿಯ.

2008ರ ಪ್ರವಾಸದ ವೇದಿಕೆಯಲ್ಲಿ ಲೆಡ್ ಜೆಪ್ಪೆಲಿನ್‌ನ ಕೆಲವು ಹಾಡುಗಳು ಕೊನೆಗೂ ಬಂದವು. ‘ದ ಬ್ಯಾಟಲ್ ಆಫ್ ಎವರ್‌ಮೋರ್’ನಲ್ಲಿ 1978ರಲ್ಲೇ ತೀರಿಕೊಂಡ ಸ್ಯಾಂಡಿ ಡೆನ್ನಿಯ ಭಾಗವನ್ನು ಕ್ರೌಸ್ ಹಾಡಿದರು. ಅದು ನಿರೀಕ್ಷಿತವೇ. ನಿರೀಕ್ಷೆ ಮೀರಿದ್ದು ‘ಬ್ಲ್ಯಾಕ್ ಡಾಗ್’. 1971ರ ಮೂಲದಲ್ಲಿ ವಾದ್ಯಗಳೆಲ್ಲ ನಿಂತುಹೋಗಿ ಪ್ಲಾಂಟ್ ಒಬ್ಬರೇ ತಾರಸ್ಥಾಯಿಯಲ್ಲಿ ಒಂದು ಸಾಲು ಕೂಗುತ್ತಾರೆ, ಆಮೇಲೆ ಗಿಟಾರ್ ಡ್ರಮ್ಸ್ ಒಟ್ಟಿಗೆ ಅದಕ್ಕೆ ಉತ್ತರ ಕೊಡುತ್ತವೆ. ಒಂಟಿ ಕಂಠದ ಅಹಂಕಾರಕ್ಕೆ ರಾಕ್ ಸಂಗೀತದಲ್ಲಿ ಅದಕ್ಕಿಂತ ಒಳ್ಳೆಯ ಮಾದರಿ ಸಿಗುವುದು ಕಷ್ಟ. 2008ರಲ್ಲಿ ಆ ಜಾಗದಲ್ಲಿ ಸ್ಟುವರ್ಟ್ ಡಂಕನ್‌ನ ಬ್ಯಾಂಜೊ ನಿಧಾನಕ್ಕೆ ಮಿಡಿಯುತ್ತಿತ್ತು, ಸಾಲು ಒಂದು ಸ್ಥಾಯಿ ಕೆಳಗೆ ಇಳಿದು ಬಂದಿತ್ತು, ಅದರ ಮೇಲೆ ಪ್ಲಾಂಟ್‌ರ ಮಾತಿಗೆ ಮಾತು ಸೇರಿಸುತ್ತ, ಅವರು ಜಾರಿದಲ್ಲಿ ತಾವೂ ಜಾರುತ್ತ ಕ್ರೌಸ್ ಹಾಡುತ್ತಿದ್ದರು.